ಒಬ್ಬರೇ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ: ಫ್ಲ್ಯಾಟ್ ಟಾಪ್ಸ್, ಅಕ್ಟೋಬರ್ ಕೊನೆ, ಐದು ರಾತ್ರಿ. ಈ ಯೋಜನೆಯಲ್ಲಿ ತಪ್ಪು ಎಲ್ಲಿದೆ?

ಕಾಫಿಕಣಿವೆ

ಕೊಲರಾಡೊದ ಫ್ಲ್ಯಾಟ್ ಟಾಪ್ಸ್ ವನ್ಯಪ್ರದೇಶ, ಟ್ರ್ಯಾಪರ್ಸ್ ಲೇಕ್ ಕಡೆಯಿಂದ ಪ್ರವೇಶ. ಎರಡನೇ ರೈಫಲ್ ಸೀಸನ್ (ಕೋವಿ ಬೇಟೆಗೆ ರಾಜ್ಯ ಬಿಡುವ ಅವಧಿಗಳಲ್ಲಿ ಎರಡನೆಯದು). ಗಾಡಿ ಬಿಟ್ಟು ಸುಮಾರು 5 ಕಿ.ಮೀ. ಒಳಗೆ ಬಿಡಾರ ಹೂಡಿ, ಅಲ್ಲಿಂದ ಇನ್ನೂ 2 ಕಿ.ಮೀ. ದೂರದವರೆಗೆ ಹುಡುಕುವ ಲೆಕ್ಕಾಚಾರ. ಜೊತೆಗೆ ಯಾರೂ ಇಲ್ಲ.

ಸಾಮಾನು: ಒಬ್ಬರ ಟೆಂಟ್, −7 ಡಿಗ್ರಿ ಎಂದು ಬರೆದ ಸ್ಲೀಪಿಂಗ್ ಬ್ಯಾಗ್, ಗಾಳಿ ತುಂಬುವ ಚಾಪೆ (ಆರ್ ಮೌಲ್ಯ, ಅಂದರೆ ನೆಲದ ಚಳಿ ತಡೆಯುವ ಅಳತೆ, 2), ಗ್ಯಾಸ್ ಡಬ್ಬಿಯ ಒಲೆ, ನೀರಿಗೆ ಸ್ಕ್ವೀಝ್ ಫಿಲ್ಟರ್, ಬ್ಲೇಡ್ ಬದಲಿಸುವ ಚಾಕು, ಐಫೋನ್ 14. ವೀಸಾ ಎಚ್-1ಬಿ. ಹೆಂಡತಿ ಟೆಕ್ಸಾಸ್‌ನಲ್ಲಿ ಇರುತ್ತಾರೆ, ಅಪ್ಪ-ಅಮ್ಮ ಹಾಸನದಲ್ಲಿ. ಕರಡಿಯ ಬಗ್ಗೆ ಸಾಕಷ್ಟು ಓದಿದ್ದೇನೆ. ಬೇರೆ ಏನು ಬಿಟ್ಟುಹೋಗಿದೆ ಎಂದು ನೇರವಾಗಿ ಹೇಳಿ.

ಹಳೇಜಾಡು

ಕರಡಿ ನಿಮ್ಮ ಪಟ್ಟಿಯಲ್ಲಿ ಐದನೆಯದೋ ಆರನೆಯದೋ ಆಗಬೇಕು. ಒಂಟಿ ಬೇಟೆಯಲ್ಲಿ ಅಪಾಯ ಶುರುವಾಗುವುದೇ ಗುಂಡು ತಗುಲಿದ ಮೇಲೆ. ಅಲ್ಲಿಯವರೆಗೆ ನೀವು ಹಗುರ ಚೀಲ ಹೊತ್ತು ನಡೆಯುವ ಮನುಷ್ಯ. ಆಮೇಲೆ ಕತ್ತಲು, ಹರಿತ ಚಾಕು, ಬೆವರು, ಆಯಾಸ, ಹೊರಲಾರದ ಭಾರ ಎಲ್ಲವೂ ಒಟ್ಟಿಗೇ ಬರುತ್ತವೆ.

ದೂರದ ಲೆಕ್ಕ ಹಾಕಿ. ಬೆಳೆದ ಗಂಡು ಎಲ್ಕ್ 300 ಕೆ.ಜಿ. ದಾಟುತ್ತದೆ. ಮೂಳೆ ಬಿಡಿಸಿದ ಮಾಂಸವೇ 80ರಿಂದ 100 ಕೆ.ಜಿ. ಬರುತ್ತದೆ. ಒಂದು ಹೊರೆಗೆ 25 ಕೆ.ಜಿ. ಎಂದರೂ ನಾಲ್ಕು ಹೊರೆ. ನಾಲ್ಕು ಸಲ ಹೊತ್ತು ಹೊರಗೆ ಬರಬೇಕು, ಮೂರು ಸಲ ಖಾಲಿ ಒಳಗೆ ಹೋಗಬೇಕು. ನೀವು ಹೇಳುವ 7 ಕಿ.ಮೀ. ದೂರಕ್ಕೆ ಏಳು ನಡಿಗೆ ಅಂದರೆ 49 ಕಿ.ಮೀ. ಬಿಡಾರ ಕಿತ್ತು ತರುವುದು ಇದರ ಮೇಲೆ. ಟ್ರ್ಯಾಪರ್ಸ್ ಲೇಕ್ ಮಟ್ಟವೇ ಸುಮಾರು 9,600 ಅಡಿ, ನೀವು ಹತ್ತುವುದು ಅದಕ್ಕಿಂತ ಮೇಲೆ. ಒಬ್ಬರಿಗೆ ಮೂರು ದಿನದ ಕೆಲಸ. ವನ್ಯಪ್ರದೇಶವಾದ್ದರಿಂದ ಚಕ್ರದ ಗಾಡಿಯನ್ನೂ ತಳ್ಳಿಕೊಂಡು ಹೋಗುವಂತಿಲ್ಲ.

ಹಾಗಾಗಿ ಎರಡರಲ್ಲಿ ಒಂದು ಮಾಡಿ. ಗಾಡಿಯಿಂದ 2.5 ಕಿ.ಮೀ. ಒಳಗೆ ಮಾತ್ರ ಗುಂಡು ಹಾರಿಸುತ್ತೇನೆ ಎಂದು ನಕ್ಷೆಯ ಮೇಲೆ ಗೆರೆ ಎಳೆದುಕೊಳ್ಳಿ. ಇಲ್ಲವೇ ಕುದುರೆಯಲ್ಲಿ ಮಾಂಸ ಹೊರುವ ಪರವಾನಗಿದಾರರೊಬ್ಬರ ಜೊತೆ ಹೋಗುವ ಮುಂಚೆಯೇ ಮಾತಾಡಿ ದರ, ದಿನ, ಸಂದೇಶ ಕಳಿಸುವ ರೀತಿ ನಿಗದಿ ಮಾಡಿಕೊಳ್ಳಿ. ಹೊಡೆದ ಮೇಲೆ ಫೋನ್ ಮಾಡಿದರೆ ಅವರ ಕುದುರೆಗಳು ಬೇರೆಯವರ ಕೆಲಸದಲ್ಲಿರುತ್ತವೆ.

ಸಮಯಕ್ಕೂ ಒಂದು ಗೆರೆ ಬೇಕು. ಕಾನೂನು ಸೂರ್ಯಾಸ್ತದ ನಂತರ ಅರ್ಧ ಗಂಟೆಯವರೆಗೆ ಬಿಡುತ್ತದೆ. ಒಬ್ಬರೇ ಇರುವವರು ಮಧ್ಯಾಹ್ನ 2ರ ನಂತರ ಇಳಿಜಾರಿನ ಕೆಳಗಿನ ಪ್ರಾಣಿಗೆ ಗುರಿ ಇಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಕ್ ಹುಡುಕಲು ಒಂದು ಗಂಟೆ, ಒಬ್ಬರೇ ಬಿಡಿಸಲು ಮೂರು-ನಾಲ್ಕು ಗಂಟೆ. ಅಷ್ಟರಲ್ಲಿ ಕತ್ತಲಾಗಿರುತ್ತದೆ.

ಬಯಲುಸೀಮೆ

@ಹಳೇಜಾಡು ಸರ್, 2.5 ಕಿ.ಮೀ. ಒಳಗೆ ಆ ಸೀಸನ್ನಿನಲ್ಲಿ ಜನಜಂಗುಳಿ. ಎಲ್ಕ್ ಸಿಗುವುದು ಕಷ್ಟ. ದಾರಿಯಿಂದ ದೂರ ಹೋಗಬೇಡಿ ಎಂದರೆ ಬೇಟೆಯೇ ಬೇಡ ಎಂದಹಾಗೆ.

ಹಳೇಜಾಡು

ದೂರವನ್ನು ಕಾಲಿನಿಂದಲ್ಲ, ದಟ್ಟಣೆಯಿಂದ ಅಳೆಯಿರಿ. ದಾರಿಯಿಂದ ಒಂದೇ ಕಿ.ಮೀ. ಇದ್ದರೂ ಬಿದ್ದ ಮರಗಳ ಕಡಿದಾದ ಉತ್ತರ ಇಳಿಜಾರಿಗೆ ಹೆಚ್ಚಿನವರು ಕಾಲಿಡುವುದಿಲ್ಲ. ಎಲ್ಕ್ ಹಗಲು ಮಲಗುವುದು ಅಲ್ಲೇ. ಆದರೆ ಅಲ್ಲಿಂದ ಹೊರೆ ತರುವ ದಾರಿ ಮೇಲ್ಮುಖವಾಗಿದ್ದರೆ ಆ ಜಾಗ ಒಂಟಿ ಬೇಟೆಗಾರನಿಗಲ್ಲ. ಮಾಂಸ ಇಳಿಜಾರಿನಲ್ಲಿ ಗಾಡಿಯ ಕಡೆಗೆ ಇಳಿಯಬೇಕು. ಜಾಗ ಆರಿಸುವಾಗ ನೋಡಬೇಕಾದ ಮೊದಲ ಅಂಶ ಇದು.

ಇನ್ನು ಬಿಡಿಸುವ ಕ್ರಮ. ಕೊಂಬಿನ ಕಡೆಯಿಂದಲ್ಲ, ಬೆನ್ನಿನ ಕಡೆಯಿಂದ, ಮೇಲಿನ ಇಳಿಜಾರಿನಿಂದ ಹತ್ತಿರ ಹೋಗಿ. ಉದ್ದ ಕೋಲಿನಿಂದ ಕಣ್ಣು ಮುಟ್ಟಿ ನೋಡಿ, ರೆಪ್ಪೆ ಅಲುಗಿದರೆ ಜೀವ ಇದೆ. ಸತ್ತಿರುವುದು ಖಚಿತವಾದ ಮೇಲೆ ಕೋವಿಯ ತೋಟಾ ತೆಗೆದು, ಅದನ್ನು ಕೈಗೆಟಕುವ ಆದರೆ ಕಾಲಿಗೆ ಸಿಗದ ಕಡೆ ಇಡಿ. ಲೈಸೆನ್ಸ್ ಜೊತೆ ಬರುವ ಟ್ಯಾಗ್‌ಗೆ ಸಹಿ, ದಿನಾಂಕ ಆಗಲೇ ಹಾಕಿ.

ಹೊಟ್ಟೆ ಸೀಳಬೇಡಿ. ಒಬ್ಬರೇ 300 ಕೆ.ಜಿ. ಪ್ರಾಣಿಯನ್ನು ಬೆನ್ನ ಮೇಲೆ ಮಲಗಿಸಿ ಹಿಡಿಯಲಾಗದು, ಜಾರಿ ನಿಮ್ಮ ಮೇಲೇ ಉರುಳುತ್ತದೆ. ಒಂದು ಮಗ್ಗುಲಿಗೆ ಇಟ್ಟು ಮೇಲಿನ ಕಾಲುಗಳನ್ನು 4 ಮಿ.ಮೀ. ಹಗ್ಗದಿಂದ ಮೇಲ್ಗಡೆಯ ಮರಕ್ಕೆ ಕಟ್ಟಿ. ಬೆನ್ನಹುರಿಯ ಉದ್ದಕ್ಕೂ ಚರ್ಮ ಕೊಯ್ದು ಹೊಟ್ಟೆಯ ಕಡೆಗೆ ಸುಲಿಯಿರಿ, ಆ ಚರ್ಮವೇ ನೆಲಹಾಸು. ಮುಂಗಾಲಿಗೆ ದೇಹದ ಜೊತೆ ಮೂಳೆಯ ಕೀಲು ಇಲ್ಲ, ಹೆಗಲ ಹಲಗೆಯ ಕೆಳಗೆ ಚಾಕು ಆಡಿಸಿದರೆ ಬಿಟ್ಟುಬರುತ್ತದೆ. ಹಿಂಗಾಲಿಗೆ ಸೊಂಟದ ಮೂಳೆಯನ್ನು ಅನುಸರಿಸಿ ಕೀಲಿನ ದುಂಡು ತುದಿಯವರೆಗೆ ಹೋಗಿ ಅಲ್ಲಿ ಬಿಡಿಸಿ. ಆಮೇಲೆ ಬೆನ್ನಪಟ್ಟಿ, ಕತ್ತು. ಮಗ್ಗುಲು ಬದಲಿಸಿ ಅದೇ ಕೆಲಸ. ಒಳಬೆನ್ನಿನ ಮೆದು ಮಾಂಸವನ್ನು ಕೊನೆಯ ಪಕ್ಕೆಲುಬಿನ ಹಿಂದೆ ಕೈ ತೂರಿಸಿ ತೆಗೆಯಬಹುದು. ಗಂಡೋ ಹೆಣ್ಣೋ ತಿಳಿಸುವ ಅಂಗ ಒಂದು ತುಂಡಿಗೆ ಸಹಜವಾಗಿ ಅಂಟಿಕೊಂಡೇ ಇರಬೇಕು, ಕಾನೂನು.

ಹಿಂದೊಡೆಯ ಒಳಗೆ ಮೂಳೆಯ ಸುತ್ತ ಶಾಖ ಉಳಿದುಕೊಳ್ಳುತ್ತದೆ. ಹೊರಗೆ ತಣ್ಣಗಿದ್ದರೂ ಒಳಗೆ ಹಳಸುತ್ತದೆ. ಆ ಕ್ಷಣ ಹೊರಲಾಗದಿದ್ದರೆ ಮೂಳೆಯವರೆಗೆ ಸೀಳಿ ತೆರೆದಿಡಿ, ಗಾಳಿಯಾಡುವ ಬಟ್ಟೆಚೀಲದಲ್ಲಿ ಹಾಕಿ ನೆರಳಲ್ಲಿ ತೂಗಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ.

ತುರ್ತುದಾದಿ

ಬ್ಲೇಡ್ ಬದಲಿಸುವ ಚಾಕುವಿನ ಬಗ್ಗೆ ಹೇಳಲೇಬೇಕು. ಅದು ಶಸ್ತ್ರಚಿಕಿತ್ಸೆಯ ಬ್ಲೇಡಿನಷ್ಟೇ ತೆಳು. ಚರ್ಮ ಸುಲಿಯಲು ಚೆನ್ನ. ಕೀಲಿನೊಳಗೆ ಹಾಕಿ ತಿರುಚಿದರೆ ಮುರಿಯುತ್ತದೆ, ಮುರಿದ ತುಂಡು ರಕ್ತದಲ್ಲಿ ಕಾಣುವುದಿಲ್ಲ, ಅದೇ ಜಾಗಕ್ಕೆ ಬೆರಳು ಹೋಗುತ್ತದೆ. ಕೀಲಿನ ಕೆಲಸಕ್ಕೆ 9-10 ಸೆಂ.ಮೀ.ನ ಗಟ್ಟಿ ಬ್ಲೇಡಿನ ಚಾಕು ಬೇರೆ ಇರಲಿ. ಚಾಕು ಹಿಡಿಯದ ಕೈಗೆ ಕತ್ತರಿಕೆ ತಡೆಯುವ ಗ್ಲೌಸ್ ಹಾಕಿ. ಮೊಣಕಾಲೂರಿ ನಿಮ್ಮ ತೊಡೆಯ ಕಡೆಗೆ ಎಳೆದು ಕೊಯ್ಯಬೇಡಿ. ತೊಡೆಯ ದೊಡ್ಡ ಅಪಧಮನಿ ಕುಯ್ದರೆ ನಿಮಗೆ ಸಿಗುವುದು ಕೆಲವೇ ನಿಮಿಷ.

ಆದ್ದರಿಂದ ಟೂರ್ನಿಕೆಟ್ (ಕೈಕಾಲಿಗೆ ಬಿಗಿದು ರಕ್ತ ನಿಲ್ಲಿಸುವ ಪಟ್ಟಿ) ಚೀಲದ ತಳದಲ್ಲಿ ಅಲ್ಲ, ಎರಡೂ ಕೈಗೆ ಎಟಕುವಂತೆ ಸೊಂಟದ ಪಟ್ಟಿಯಲ್ಲಿ ಅಥವಾ ಎದೆಯ ಚೀಲದಲ್ಲಿರಬೇಕು. ಸಿಎಟಿ ಎಂಬ, ಕಡ್ಡಿ ತಿರುಗಿಸಿ ಬಿಗಿಯುವ ಬಗೆಯದು, ಅಧಿಕೃತ ಮಾರಾಟಗಾರರಿಂದ ತೆಗೆದುಕೊಳ್ಳಿ. ಅಗ್ಗದ ನಕಲಿಗಳಲ್ಲಿ ತಿರುಗಿಸುವ ಕಡ್ಡಿ ಬಾಗಿ ಮುರಿಯುತ್ತದೆ. ಗಾಯಕ್ಕಿಂತ 5-7 ಸೆಂ.ಮೀ. ಮೇಲೆ, ಕೀಲಿನ ಮೇಲಲ್ಲ. ಮೊದಲು ಪಟ್ಟಿಯನ್ನೇ ಆದಷ್ಟು ಬಿಗಿಯಾಗಿ ಎಳೆಯಿರಿ, ಆಮೇಲೆ ಕಡ್ಡಿ ತಿರುಗಿಸಿ, ರಕ್ತ ನಿಲ್ಲುವವರೆಗೆ. ನೋವು ಸಹಿಸಲಾಗದಷ್ಟು ಆಗುತ್ತದೆ. ಸಡಿಲಿಸಬೇಡಿ. ಸಮಯ ಬರೆದಿಡಿ. ಎಸ್‌ಒಎಸ್ (ತುರ್ತು ಕರೆ) ಒತ್ತುವುದು ಇದಾದ ಮೇಲೆ, ಮುಂಚೆ ಅಲ್ಲ.

ತೊಡೆಸಂದು, ಕಂಕುಳಲ್ಲಿ ಟೂರ್ನಿಕೆಟ್ ಹಿಡಿಯುವುದಿಲ್ಲ. ಅಲ್ಲಿಗೆ ರಕ್ತ ಹೆಪ್ಪುಗಟ್ಟಿಸುವ ಗಾಜ್ ಅನ್ನು ಗಾಯದ ಆಳದವರೆಗೆ ತುರುಕಿ ಕನಿಷ್ಠ 3 ನಿಮಿಷ ಮೈಭಾರ ಹಾಕಿ ಒತ್ತಿ. ನಡುನಡುವೆ ಎತ್ತಿ ನೋಡಬಾರದು.

ಎರಡನೇ ಕೊಲೆಗಾರ ಚಳಿ. ಅದೂ ಹಿಮ ಸುರಿಯುವ −15ರಲ್ಲಿ ಮಾತ್ರವಲ್ಲ, 5 ಡಿಗ್ರಿಯ ಮಳೆ-ಗಾಳಿಯಲ್ಲಿ ಬೆವರಿದ ಮೈಗೂ ಸಾಕು. ಹೊರೆ ಎತ್ತುವ ಮುಂಚೆ ಒಂದು ಪದರ ಬಿಚ್ಚಿ, ಮೊದಲ ಹತ್ತು ನಿಮಿಷ ಚಳಿಯಾಗುವಷ್ಟು. ನಿಂತ ಕೂಡಲೇ ಒಣ ಜಾಕೆಟ್ ಹಾಕಿ. ಹತ್ತಿಯ ಬನಿಯನ್, ಜೀನ್ಸ್ ಮನೆಯಲ್ಲೇ ಬಿಡಿ. ಝಿಪ್ ಎಳೆಯಲು ಬೆರಳು ಬಾರದಿರುವುದು, ಎಡವುವುದು, ಮಾತು ತೊದಲುವುದು, ಕಾರಣವಿಲ್ಲದೆ ಸಿಟ್ಟು, ಇವು ಲಕ್ಷಣಗಳು. ಜೊತೆಗಾರರಿದ್ದರೆ ಅವರು ಗಮನಿಸುತ್ತಾರೆ. ಒಬ್ಬರೇ ಇದ್ದಾಗ ಗಮನಿಸಬೇಕಾದ ಮಿದುಳೇ ಮಂಕಾಗಿರುತ್ತದೆ. ಅದಕ್ಕೆ ಗಂಟೆಗೊಮ್ಮೆ ಪರೀಕ್ಷೆ ಮಾಡಿಕೊಳ್ಳಿ: ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ. ಆಗದಿದ್ದರೆ ಕೆಲಸ ನಿಲ್ಲಿಸಿ ಒಣಬಟ್ಟೆ, ಸಕ್ಕರೆ ಹಾಕಿದ ಬಿಸಿ ಪಾನೀಯ, ಬೆಂಕಿ. ನಡುಕ ನಿಂತರೆ ವಾಸಿಯಾಯಿತು ಎಂದಲ್ಲ. ಮೈ ಇನ್ನೂ ತಣ್ಣಗಿದ್ದು ನಡುಕ ನಿಂತರೆ ಸ್ಥಿತಿ ಬಿಗಡಾಯಿಸಿದೆ.

ಎತ್ತರದ ಬಗ್ಗೆ ಒಂದು ಮಾತು. ಟೆಕ್ಸಾಸ್‌ನಿಂದ ಒಂದೇ ದಿನಕ್ಕೆ 10,000 ಅಡಿಗೆ ಹೋಗಿ ಮಲಗಬೇಡಿ. ಒಂದು ರಾತ್ರಿ 6,000 ಅಡಿ ಆಸುಪಾಸಿನ ಮೀಕರ್ ಊರಲ್ಲಿ ಕಳೆಯಿರಿ. ತಲೆನೋವಿನ ಜೊತೆ ವಾಂತಿ, ಅಡ್ಡಾದಿಡ್ಡಿ ನಡಿಗೆ ಬಂದರೆ ಇಳಿಯುವುದೊಂದೇ ಮದ್ದು.

ಹುಬ್ಬಳ್ಳಿಗಾಳಿ

ನೋಡ್ರಿ, ಮಲಗೋ ಸಾಮಾನು ಕಡಿಮಿ ಬಿದ್ದೈತಿ. −7 ಅಂತ ಬರದಿದ್ದು ಬಹಳ ಬ್ಯಾಗಿನ್ಯಾಗ ಕಡೀ ಮಿತಿ, ಆರಾಮಾಗಿ ನಿದ್ದಿ ಬರೋ ಮಿತಿ ಅಲ್ಲ. ಆರಾಮ ಮಿತಿ ಐದಾರು ಡಿಗ್ರಿ ಮ್ಯಾಲಿರತೈತಿ. ಅಕ್ಟೋಬರ್ ಕಡೀಗೆ ಅಲ್ಲೆ ರಾತ್ರಿ −10 ಅನ್ನೋದು ದೊಡ್ಡ ಮಾತಲ್ಲ. ಚಾಪಿ ಆರ್ 2 ಅಂದ್ರ ಬ್ಯಾಸಿಗಿ ಚಾಪಿ. ಅದರ ಕೆಳಗ ಮುಚ್ಚಿದ ರಂಧ್ರದ ಫೋಮ್ ಚಾಪಿ ಆರ್ 2 ಹಾಕಿದ್ರ 4 ಆಕ್ಕೈತಿ, ಆರ್ ಮೌಲ್ಯ ಕೂಡತಾವ್ರಿ. 5ಕ್ಕ ಮುಟ್ಟಿಸಿದ್ರ ಛಲೋ. ಗಾಳಿ ಚಾಪಿ ತೂತಾದ್ರೂ ಫೋಮ್ ಕೈ ಬಿಡಂಗಿಲ್ಲ.

ಗ್ಯಾಸ್ ಡಬ್ಬಿ: ಸಾದಾ ಬ್ಯೂಟೇನ್ −0.5 ಡಿಗ್ರಿಗೇ ಆವಿ ಆಗೋದು ನಿಂದರತೈತಿ, ಐಸೊಬ್ಯೂಟೇನ್ −12ರ ಹತ್ರ. ಐಸೊಬ್ಯೂಟೇನ್-ಪ್ರೊಪೇನ್ ಮಿಶ್ರಣದ್ದೇ ತಗೋರಿ. ರಾತ್ರಿ ಬ್ಯಾಗಿನೊಳಗ ಇಟ್ಕೋರಿ. ಮುಂಜಾನೆ ಉರಿ ಸಣ್ಣಾದ್ರ ಡಬ್ಬೀನ ತಾಟಿನ್ಯಾಗಿನ ನೀರಾಗ ನಿಂದ್ರಸ್ರಿ. ಟೆಂಟಿನೊಳಗ ಮಾತ್ರ ಒಲಿ ಹಚ್ಚಬ್ಯಾಡ್ರಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನಿ ಇಲ್ಲ, ನಿದ್ದೀ ಬಂದಂಗ ಆಗತೈತಿ, ಎಬ್ಬಸಾಕ ಬಾಜೂಕ ಯಾರೂ ಇರಂಗಿಲ್ಲ.

ಫಿಲ್ಟರ್: ಒಂದ್ಸಲ ನೀರು ಕುಡದ ಸ್ಕ್ವೀಝ್ ಫಿಲ್ಟರ್ ಹೆಪ್ಪುಗಟ್ಟಿದ್ರ ಒಳಗಿನ ನಳಿಗಿ ಸೀಳತಾವ. ಹೊರಗಿಂದ ಗೊತ್ತಾಗಂಗಿಲ್ಲ, ನೀರು ಮೊದಲಿನಂಗ ಬರತೈತಿ, ಆದ್ರ ಸೋಸಂಗಿಲ್ಲ. ಹಗಲು ಕಿಸೆದಾಗ, ರಾತ್ರಿ ಬ್ಯಾಗಿನ್ಯಾಗ. ಅನುಮಾನ ಬಂದ್ರ ಕುದಸ್ರಿ. 6,500 ಅಡಿ ಮ್ಯಾಲ 3 ನಿಮಿಷ ಕೊತ ಕೊತ ಕುದೀಬೇಕು. ಹಿಮ ಕರಗಸೋವಾಗ ತಳಕ್ಕ ಮೊದಲ ಸ್ವಲ್ಪ ನೀರು ಹಾಕ್ರಿ, ಇಲ್ಲಾಂದ್ರ ಪಾತ್ರಿ ಸೀಯತೈತಿ.

ಆಂಟೆನಾ

ಸಂಪರ್ಕದ ಬಗ್ಗೆ. ಐಫೋನ್ 14ರ ಉಪಗ್ರಹ ಎಸ್‌ಒಎಸ್ ನಿಜವಾಗಿ ಕೆಲಸ ಮಾಡುತ್ತದೆ, ಆದರೆ ಅದನ್ನೊಂದೇ ನೆಚ್ಚಬೇಡಿ. ಫೋನನ್ನು ಉಪಗ್ರಹದ ದಿಕ್ಕಿಗೆ ಹಿಡಿಯಬೇಕು, ತೆರೆದ ಆಕಾಶ ಬೇಕು. ದಟ್ಟ ಸ್ಪ್ರೂಸ್ ಮರಗಳ ಕೆಳಗೆ ತಡವಾಗುತ್ತದೆ. ರಕ್ತ ಮೆತ್ತಿದ, ಮರಗಟ್ಟಿದ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ. ಅದೇ ಫೋನಿನಲ್ಲಿ ನಕ್ಷೆ, ಟಾರ್ಚ್, ಕ್ಯಾಮೆರಾ ಎಲ್ಲ ನಡೆಸಿ ಬ್ಯಾಟರಿ ಇಳಿದಿರುತ್ತದೆ.

ಗಾರ್ಮಿನ್ ಇನ್‌ರೀಚ್ ಮಿನಿ 2 ಎಂಬ ಉಪಗ್ರಹ ಸಂದೇಶ ಸಾಧನ ಸುಮಾರು 100 ಗ್ರಾಂ. ಇರಿಡಿಯಂ ಉಪಗ್ರಹ ಜಾಲ, ಎರಡೂ ಕಡೆಯಿಂದ ಸಂದೇಶ, ಚಂದಾ ಕಟ್ಟಬೇಕು. ಪಿಎಲ್‌ಬಿ ಎಂಬ ಸಾಧನ 406 ಮೆಗಾಹರ್ಟ್ಸ್‌ನಲ್ಲಿ ಒಂದೇ ಒಂದು ಕೆಲಸ ಮಾಡುತ್ತದೆ: ನಾನು ಸಂಕಟದಲ್ಲಿದ್ದೇನೆ ಎಂದು ಕೂಗುವುದು. ಚಂದಾ ಇಲ್ಲ, ಕನಿಷ್ಠ 24 ಗಂಟೆ ಪ್ರಸಾರ, ನೋವಾದಲ್ಲಿ (ಅಮೆರಿಕದ ಸಾಗರ-ಹವಾಮಾನ ಸಂಸ್ಥೆ) ಉಚಿತ ನೋಂದಣಿ ಕಡ್ಡಾಯ, ಎರಡು ವರ್ಷಕ್ಕೊಮ್ಮೆ ನವೀಕರಣ. ಒಂಟಿ ಬೇಟೆಗಾರನಿಗೆ ನನ್ನ ಆಯ್ಕೆ ಇನ್‌ರೀಚ್. "ಕಾಲು ಮುರಿದಿದೆ, ಪ್ರಜ್ಞೆ ಇದೆ, ಬೆಚ್ಚಗಿದ್ದೇನೆ" ಎಂದು ಹೇಳಲಾಗುವುದು ರಕ್ಷಣಾ ತಂಡದ ಸಿದ್ಧತೆಯನ್ನೇ ಬದಲಿಸುತ್ತದೆ. ಯಾವುದೇ ಇರಲಿ, ಅದು ಮೈಮೇಲಿರಬೇಕು. ಚೀಲ ಒಂದು ಕಡೆ, ನೀವು ಬಂಡೆಯ ಕೆಳಗೆ ಒಂದು ಕಡೆ ಆದರೆ ಅದಕ್ಕೆ ಅರ್ಥವಿಲ್ಲ.

ಊರಿಗೆ ಹೋಗುವಾಗ ಮಾತ್ರ ಇದನ್ನು ಅಮೆರಿಕದಲ್ಲೇ ಬಿಟ್ಟುಹೋಗಿ. ಭಾರತದಲ್ಲಿ ಅನುಮತಿಯಿಲ್ಲದೆ ಉಪಗ್ರಹ ಸಾಧನ ಇಟ್ಟುಕೊಳ್ಳುವುದು ಅಪರಾಧ, ವಿಮಾನ ನಿಲ್ದಾಣಗಳಲ್ಲೇ ಜನ ಸಿಕ್ಕಿಬಿದ್ದಿದ್ದಾರೆ.

ಮನೆಯವರಿಗೆ ಒಂದು ಹಾಳೆ ಬರೆದುಕೊಡಿ. ಅದರಲ್ಲಿ ಗಾಡಿಯ ಬಣ್ಣ ಮತ್ತು ನಂಬರ್, ನಿಲ್ಲಿಸುವ ಜಾಗ, ಬಿಡಾರದ ಅಕ್ಷಾಂಶ-ರೇಖಾಂಶ, ಎರಡನೇ ಆಯ್ಕೆಯ ಜಾಗ, ಬೂಟಿನ ಗುರುತು ಮತ್ತು ಅಳತೆ, ಟೆಂಟ್ ಬಣ್ಣ, ತೆಗೆದುಕೊಳ್ಳುವ ಔಷಧಿ. ಮುಖ್ಯವಾದದ್ದು ಶೆರಿಫ್ (ಕೌಂಟಿ ಅಂದರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥ) ಕಚೇರಿಯ ಪೂರ್ಣ ಹತ್ತು ಅಂಕಿಯ ಸಂಖ್ಯೆ. ಕೊಲರಾಡೊದಲ್ಲಿ ಹುಡುಕಾಟದ ಹೊಣೆ ಆಯಾ ಕೌಂಟಿಯ ಶೆರಿಫ್‌ದು. ಟೆಕ್ಸಾಸ್‌ನಿಂದ 911 ಒತ್ತಿದರೆ ಟೆಕ್ಸಾಸ್‌ನವರೇ ಎತ್ತುತ್ತಾರೆ, ಹಾಸನದಿಂದ ಒತ್ತಿದರೆ ಅಲ್ಲಿಗೆ ಹೋಗುವುದೇ ಇಲ್ಲ. ಫ್ಲ್ಯಾಟ್ ಟಾಪ್ಸ್ ಒಂದಕ್ಕಿಂತ ಹೆಚ್ಚು ಕೌಂಟಿಗೆ ಸೇರಿದೆ. ಟ್ರ್ಯಾಪರ್ಸ್ ಲೇಕ್ ಕಡೆ ಹೋಗುವವರು ಗಾರ್‌ಫೀಲ್ಡ್ ಮತ್ತು ರಿಯೋ ಬ್ಲಾಂಕೊ ಎರಡರ ಸಂಖ್ಯೆಯನ್ನೂ ಬರೆಯಿರಿ.

ಕಾಫಿಕಣಿವೆ

ರಾತ್ರಿ 8ಕ್ಕೆ ಸಂದೇಶ ಕಳಿಸುತ್ತೇನೆ, ಬಾರದಿದ್ದರೆ ಕೂಡಲೇ ಶೆರಿಫ್‌ಗೆ ಫೋನ್ ಮಾಡು ಎಂದು ಹೆಂಡತಿಗೆ ಹೇಳಿದರೆ ಸರಿಯೇ?

ಆಂಟೆನಾ

ಬೇಡ. ಕಣಿವೆಯಲ್ಲಿ ಒಂದು ಸಂದೇಶ ತಡವಾಗುವುದು ಸಾಮಾನ್ಯ. ಕೊಲರಾಡೊದಲ್ಲಿ ಹುಡುಕಲು ಬರುವವರು ಬಹುಪಾಲು ಸ್ವಯಂಸೇವಕರು, ಕತ್ತಲಲ್ಲಿ ಅವರನ್ನು ಸುಮ್ಮನೆ ಬೆಟ್ಟಕ್ಕೆ ಎಳೆಯಬಾರದು. ರಾತ್ರಿ 8ರ ಸಂದೇಶ ಬಾರದಿದ್ದರೆ ಮರುದಿನ ಮಧ್ಯಾಹ್ನ 12ರವರೆಗೆ ಕಾಯುವುದು, ನಡುವೆ ಮೂರು ಸಲ ಸಂದೇಶ ಕಳಿಸಿ ನೋಡುವುದು, 12 ದಾಟಿದರೆ ಚರ್ಚೆಯಿಲ್ಲದೆ ಫೋನ್. ಈ ಗಡುವನ್ನು ಆಮೇಲೆ ಯಾರೂ ಸಡಿಲಿಸಬಾರದು. "ಇನ್ನೊಂದು ಗಂಟೆ ನೋಡೋಣ" ಎನ್ನುತ್ತಲೇ ಇನ್ನೊಂದು ರಾತ್ರಿ ಬಂದುಬಿಡುತ್ತದೆ. ಅಂದರೆ ಗಡುವಿನವರೆಗೆ ಗಾಯವಾಗಿದ್ದರೂ ಬದುಕಿರುವಷ್ಟು ಸಾಮಾನು, ಒಂದು ಬೈವಿ ಚೀಲ (ಟೆಂಟಿಲ್ಲದೆ ಒಳಹೊಕ್ಕು ಮಲಗುವ ಹೊದಿಕೆ), ಉಣ್ಣೆ ಟೋಪಿ, ಎರಡು ಲೈಟರ್, ವ್ಯಾಸಲೀನ್ ಸವರಿದ ಹತ್ತಿಯುಂಡೆಗಳು, ವಿಸಿಲ್, ಎರಡನೇ ಹೆಡ್‌ಲ್ಯಾಂಪ್, ನಿಮ್ಮ ಹಗಲಿನ ಚೀಲದಲ್ಲಿ ಸದಾ ಇರಬೇಕು.

ಕಾವೇರಿತೀರ

ಎಚ್-1ಬಿ ವಿಷಯ ಯಾರೂ ಮುಟ್ಟಲಿಲ್ಲ. ವಲಸೆಯೇತರ ವೀಸಾದಲ್ಲಿರುವವರು ಕೋವಿ, ತೋಟಾ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನೇ ನಿಷೇಧಿಸಿದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು. ಲೈಸೆನ್ಸ್ ಅವಧಿ ಮುಗಿದ ದಿನ ಆ ವಿನಾಯಿತಿಯೂ ಮುಗಿಯುತ್ತದೆ, ಮನೆಯ ಬೀರುವಿನಲ್ಲಿರುವ ಕೋವಿಗೂ ಇದೇ ಮಾತು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ. ಗೊಂದಲವಿದ್ದರೆ ವಲಸೆ ವಕೀಲರನ್ನು ಕೇಳಿ, ಅಂಗಡಿಯವರನ್ನಲ್ಲ. ಕೊಡಗಿನವರಿಗೆ ಊರಲ್ಲಿ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

1949ರ ಜನವರಿ 1ರಂದು ಅಥವಾ ನಂತರ ಹುಟ್ಟಿದವರಿಗೆ ಕೊಲರಾಡೊದಲ್ಲಿ ಬೇಟೆ ಶಿಕ್ಷಣದ ಪ್ರಮಾಣಪತ್ರ ಬೇಕು. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದ ನಮಗೆ ಹಿರಿಯರಿಂದ ಈ ವಿದ್ಯೆ ಕಾನೂನುಬದ್ಧವಾಗಿ ಸಿಕ್ಕಿಲ್ಲ, ಹಾಗಾಗಿ ಆನ್‌ಲೈನ್‌ನಲ್ಲಿ ಮುಗಿಸದೆ ಮೈದಾನದ ತರಬೇತಿ ಇರುವ ಕೋರ್ಸನ್ನೇ ಆರಿಸಿಕೊಳ್ಳಿ.

ರೈಫಲ್ ಸೀಸನ್ನಿನಲ್ಲಿ ಸೊಂಟದ ಮೇಲೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಕಡ್ಡಾಯ, ಟೋಪಿಯೂ ಎಲ್ಲ ದಿಕ್ಕಿನಿಂದ ಕಾಣುವ ಅದೇ ಬಣ್ಣದ್ದು. ಮರೆಮಾಚುವ ವಿನ್ಯಾಸದ ಕಿತ್ತಳೆ ನಡೆಯುವುದಿಲ್ಲ. ಬೆನ್ನಿಗೆ ದೊಡ್ಡ ಚೀಲ ಬಂದರೆ ಅಂಗಿಯ ಕಿತ್ತಳೆ ಮುಚ್ಚಿಹೋಗುತ್ತದೆ, ಚೀಲಕ್ಕೂ ಒಂದು ಬಟ್ಟೆ ಹೊದಿಸಿ. ಕೊಂಬು ಹೊತ್ತು ನಡೆಯುವಾಗ ಅದಕ್ಕೂ ಸುತ್ತಿ. ದೂರದಿಂದ ಕಾಣುವುದು ಪೊದೆಯ ಮೇಲೆ ಚಲಿಸುವ ಕೊಂಬು ಮಾತ್ರ.

ಹಳೇಜಾಡು

ಬಿಡಾರದ ಜಾಗ. ಟ್ರ್ಯಾಪರ್ಸ್ ಲೇಕ್ ಸುತ್ತಲಿನ ಕಾಡು 2002ರ ಬಿಗ್ ಫಿಶ್ ಬೆಂಕಿಯಲ್ಲಿ ಸುಟ್ಟಿದೆ. 1940ರ ದಶಕದಲ್ಲಿ ತೊಗಟೆ ಹುಳು ಕೊಂದ ಸ್ಪ್ರೂಸ್‌ಗಳ ಬೂದು ಅಸ್ಥಿಪಂಜರಗಳೂ ಪ್ರಸ್ಥಭೂಮಿಯಲ್ಲಿ ಉಳಿದಿವೆ. ನಿಂತ ಸತ್ತ ಮರಕ್ಕೆ ಬೇರಿನ ಹಿಡಿತವಿಲ್ಲ, ಗಾಳಿಗೆ ಸದ್ದಿಲ್ಲದೆ ಬೀಳುತ್ತದೆ. ಮರದ ಎತ್ತರದ ಒಂದೂವರೆ ಪಟ್ಟು ದೂರದಲ್ಲಿ ಟೆಂಟ್ ಹಾಕಿ. ಅಂಥ ಜಾಗ ಹಗಲಲ್ಲೇ ಹುಡುಕಬೇಕು, ಹೆಡ್‌ಲ್ಯಾಂಪ್ ಬೆಳಕಲ್ಲಿ ಮರದ ತುದಿ ಕಾಣುವುದಿಲ್ಲ. ಕಣಿವೆಯ ತಳದಲ್ಲಿ ರಾತ್ರಿ ತಂಪು ಗಾಳಿ ಮಡುಗಟ್ಟುತ್ತದೆ, 20-30 ಮೀಟರ್ ಮೇಲಿನ ಸಮತಟ್ಟು ಜಾಗ ಬೆಚ್ಚಗಿರುತ್ತದೆ.

ರಿಪ್ಪಲ್ ಕ್ರೀಕ್ ಪಾಸ್ (ಘಾಟಿ) ಮೇಲಿನ ರಸ್ತೆಯ ಹಿಮವನ್ನು ಚಳಿಗಾಲದಲ್ಲಿ ತೆರವು ಮಾಡುವುದಿಲ್ಲ. ಹವಾಮಾನ ಮುನ್ಸೂಚನೆಯಲ್ಲಿ ದೊಡ್ಡ ಹಿಮ ಕಂಡರೆ ಮೀಕರ್ ಕಡೆಗೆ ಗಾಡಿ ಇಳಿಸುವ ಯೋಚನೆ ಮುಂಚಿತವಾಗಿರಲಿ. ಗಾಡಿಯಲ್ಲಿ ಚೈನು, ಸಲಿಕೆ, ಎರಡು ದಿನದ ಊಟ, ಕಂಬಳಿ.

ಬೆಟ್ಟದತುದಿ

ಪ್ರಾಣಿಗಳ ಬಗ್ಗೆ ಬೇಗ ಮುಗಿಸುತ್ತೇನೆ. ಕೊಲರಾಡೊದಲ್ಲಿ ಇರುವುದು ಕಪ್ಪು ಕರಡಿ. ಊಟವನ್ನು ನೆಲದಿಂದ 3 ಮೀ. ಮೇಲೆ, ಕಾಂಡದಿಂದ 1.2 ಮೀ. ಆಚೆ ತೂಗಿ. ಮಾಂಸ ಟೆಂಟಿನಿಂದ 100 ಮೀ. ದೂರ, ನೀವು ದೂರದಿಂದಲೇ ದುರ್ಬೀನಿನಲ್ಲಿ ನೋಡಬಹುದಾದ ಕಡೆ. 30 ಕೆ.ಜಿ. ತೊಡೆಯನ್ನು ಕೊಂಬೆಯ ಮೇಲೆ ಹಗ್ಗ ಹಾಕಿ ಒಬ್ಬರೇ ಎಳೆಯಲಾಗದು, ಘರ್ಷಣೆ ಅಷ್ಟಿರುತ್ತದೆ. ಚಿಕ್ಕ ರಾಟೆ ಎರಡು ಒಯ್ಯಿರಿ.

ವ್ಯೋಮಿಂಗ್, ಮೊಂಟಾನಾಕ್ಕೆ ಹೋಗುವವರ ಲೆಕ್ಕ ಬೇರೆ, ಅಲ್ಲಿ ಗ್ರಿಜ್ಲಿ ಎಂಬ ಕಂದು ಕರಡಿ. ಕರುಳಿನ ರಾಶಿಯಿಂದ ಮಾಂಸವನ್ನು ಆ ದಿನವೇ 100 ಮೀ.ಗಿಂತ ದೂರ ಸಾಗಿಸಿ. ಮರಳಿ ಬರುವಾಗ ಗಾಳಿ ಬೆನ್ನಿಗಿರುವಂತೆ, ಗಟ್ಟಿಯಾಗಿ ಕೂಗುತ್ತ ಬನ್ನಿ. ಕರಡಿ ಸ್ಪ್ರೇ ಕನಿಷ್ಠ 225 ಗ್ರಾಂನದು, ಎದೆಯ ಮೇಲೆ, 10-15 ಮೀ. ಇರುವಾಗಲೇ ಸ್ವಲ್ಪ ಕೆಳಮುಖವಾಗಿ ಸಿಂಪಡಿಸಿ. ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಅಲ್ಲಿ ಇಳಿದ ಮೇಲೆ ಕೊಳ್ಳಿ.

ಫ್ಲ್ಯಾಟ್ ಟಾಪ್ಸ್‌ನಲ್ಲಿ ಮೂಸ್ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ) ಇದೆ, ಇದನ್ನು ಯಾರೂ ಹೇಳುವುದಿಲ್ಲ. ಮುಂಜಾನೆಯ ಮಬ್ಬಿನಲ್ಲಿ ಎಲ್ಕ್ ಎಂದು ಅದನ್ನು ಹೊಡೆಯುವವರಿದ್ದಾರೆ. ಎಲ್ಕ್‌ಗೆ ಹಿಂಭಾಗ ತಿಳಿಹಳದಿ, ಕತ್ತು ಗಾಢ. ಮೂಸ್ ಮೈಪೂರ್ತಿ ಕಡುಗಂದು, ಮೂತಿ ಜೋತುಬಿದ್ದಿರುತ್ತದೆ. ಗುರುತಿಸಲು ದುರ್ಬೀನು ಬಳಸಿ, ಕೋವಿಯ ಸ್ಕೋಪ್ ಅಲ್ಲ. ಸ್ಕೋಪಿನಲ್ಲಿ ನೋಡಿದ್ದು ಮನುಷ್ಯನಾಗಿದ್ದರೆ ನೀವು ಆಗಲೇ ಅವನತ್ತ ಕೋವಿ ಹಿಡಿದಾಗಿದೆ. ಮೂಸ್ ಕಿವಿ ಹಿಂದಕ್ಕೆ ಮಡಚಿ ಬಂದರೆ ಓಡಿ ದಪ್ಪ ಮರದ ಹಿಂದೆ ನಿಲ್ಲಿ.

ಕಾಫಿಕಣಿವೆ

ಬದಲಿಸಿದ ಯೋಜನೆ: ಬಿಡಾರ ಗಾಡಿಯಿಂದ 1.5 ಕಿ.ಮೀ., ಬೇಟೆಯ ಗೆರೆ 2.5 ಕಿ.ಮೀ., ಇಳಿಜಾರು ಗಾಡಿಯ ಕಡೆಗೆ. ಮಧ್ಯಾಹ್ನ 2ರ ನಂತರ ಗುಂಡು ಇಲ್ಲ. ಮೀಕರ್‌ನಲ್ಲಿ ಒಂದು ರಾತ್ರಿ. ಇನ್‌ರೀಚ್, ಫೋಮ್ ಚಾಪೆ, ಬೆಚ್ಚನೆ ಬ್ಯಾಗ್ ತೆಗೆದುಕೊಳ್ಳುತ್ತೇನೆ. ಟೂರ್ನಿಕೆಟ್ ಆರ್ಡರ್ ಮಾಡಿದೆ. ಕುದುರೆಯವರ ಜೊತೆ ಮಾತು ಈ ವಾರ.

ಹಳೇಜಾಡು

ಚೆನ್ನಾಗಿದೆ. ಹೋಗುವ ಮುಂಚೆ 25 ಕೆ.ಜಿ. ಅಕ್ಕಿಮೂಟೆ ಅದೇ ಚೀಲಕ್ಕೆ ಹಾಕಿ 2.5 ಕಿ.ಮೀ. ನಡೆದು ನೋಡಿ, ಅದೂ ಅದೇ ಬೂಟಿನಲ್ಲಿ. ಆ ಹೊರೆಯೊಂದಿಗೆ ಕೆಳಗೆ ಕೂತು ಒಬ್ಬರೇ ಏಳುವುದನ್ನೂ ಅಭ್ಯಾಸ ಮಾಡಿ. ಮೊಣಕಾಲು ತಿರುಚುವುದು ನಡೆಯುವಾಗಲ್ಲ, ಏಳುವಾಗ. ಗಾಡಿಯ ಎರಡನೇ ಕೀಲಿ ಎಲ್ಲಿದೆ ಎಂಬುದೂ ಮನೆಯ ಹಾಳೆಯಲ್ಲಿರಲಿ.

ತುರ್ತುದಾದಿ

ಟೂರ್ನಿಕೆಟ್ ಬಂದ ದಿನವೇ ಪ್ಲಾಸ್ಟಿಕ್ ಹೊದಿಕೆ ಹರಿದು ಎಸೆಯಿರಿ. ಒದ್ದೆ ಗ್ಲೌಸಿನಲ್ಲಿ ಅದನ್ನು ಹರಿಯಲಾಗುವುದಿಲ್ಲ. ಅಭ್ಯಾಸಕ್ಕೆ ಇನ್ನೊಂದನ್ನು ತರಿಸಿ. ಕಣ್ಣು ಮುಚ್ಚಿ, ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ, ಆಮೇಲೆ ಎರಡೂ ತೊಡೆಗೆ, 30 ಸೆಕೆಂಡಿನೊಳಗೆ ಬಿಗಿಯಾಗುವವರೆಗೆ ಮಾಡಿ. ಅಭ್ಯಾಸಕ್ಕೆ ಬಳಸಿದ್ದನ್ನು ಬೆಟ್ಟಕ್ಕೆ ಒಯ್ಯಬೇಡಿ, ಪಟ್ಟಿ ಸವೆದಿರುತ್ತದೆ.